ಬಾಡಿಗೆದಾರರ ಡೆಪಾಸಿಟ್: ಎಷ್ಟು ಮುರಿದುಕೊಳ್ಳಬಹುದು, ಯಾವಾಗ ಕೊಡಬೇಕು?

ಪ್ರಶ್ನೆ: ಐದು ವರ್ಷ ನಮ್ಮ ಮನೆಯಲ್ಲಿದ್ದ ಬಾಡಿಗೆದಾರರು ಮೂರು ವಾರದ ಹಿಂದೆ ಖಾಲಿ ಮಾಡಿದರು. ಒಳಗೆ ಹೋಗಿ ನೋಡಿದರೆ ಗೋಡೆಯ ಬಣ್ಣವೆಲ್ಲ ಮಾಸಿದೆ, ಅಲ್ಲಲ್ಲಿ ಮೊಳೆ ಹೊಡೆದ ತೂತು. ಒಳಕೋಣೆಯ ಬಾಗಿಲಲ್ಲಿ ಮುಷ್ಟಿ ಹೋಗುವಷ್ಟು ದೊಡ್ಡ ತೂತಿದೆ. ವಾಶ್ ಬೇಸಿನ್ ಬಿರುಕು ಬಿಟ್ಟಿದೆ, ಬಾತ್‌ರೂಮ್ ಗೋಡೆಗೆ ಕಪ್ಪು ಬೂಸ್ಟು ಹಿಡಿದಿದೆ. ಕೊನೆಯ ತಿಂಗಳ ಬಾಡಿಗೆಯನ್ನೂ ಕೊಡದೆ 'ಡೆಪಾಸಿಟ್‌ನಲ್ಲೇ ಮುರಿದುಕೊಳ್ಳಿ' ಅಂದುಬಿಟ್ಟರು. ನನ್ನ ಹತ್ತಿರ ಇರುವುದು ಎರಡು ತಿಂಗಳ ಬಾಡಿಗೆಯಷ್ಟು ಡೆಪಾಸಿಟ್. ಇಡೀ ಮನೆಗೆ ಪೇಂಟ್ ಹೊಡೆಸಿ ರಿಪೇರಿ ಮುಗಿಸಿದರೆ ಅದಷ್ಟೂ ಸಾಲುವುದಿಲ್ಲ. ಖಾಲಿ ಮಾಡುವಾಗ ಪೇಂಟಿಂಗ್ ಖರ್ಚು ಬಾಡಿಗೆದಾರರದ್ದು ಎಂದು ಕರಾರಿನಲ್ಲೂ ಬರೆದಿದೆ. ಹೊಸಬರು ಬಂದ ಮೇಲೆ ಲೆಕ್ಕ ಮಾಡೋಣ ಅಂತ ಸುಮ್ಮನಿದ್ದೆ. ಈಗ ಹಳಬರು ದೂರು ಕೊಡುತ್ತೇವೆ ಅನ್ನುತ್ತಿದ್ದಾರೆ. ಪೂರ್ತಿ ಹಿಡಿದುಕೊಳ್ಳಲು ನನಗೆ ಹಕ್ಕಿಲ್ಲವೇ?

ಉತ್ತರ: ಕಡ್ಡಿ ಮುರಿದ ಹಾಗೆ ಹೇಳಿಬಿಡುತ್ತೇನೆ, ಪೂರ್ತಿ ಹಿಡಿದುಕೊಳ್ಳುವ ಹಕ್ಕು ನಿಮಗಿಲ್ಲ. ಕೊಡದೆ ಹೋದ ಒಂದು ತಿಂಗಳ ಬಾಡಿಗೆ ನಿಮ್ಮದು, ಅದರಲ್ಲಿ ಎರಡು ಮಾತಿಲ್ಲ. ಬಾಗಿಲಿನ ಖರ್ಚಿನಲ್ಲಿ ಒಂದು ಪಾಲು ದಕ್ಕೀತು. ಬೇಸಿನ್ ವಿಚಾರ ಅದರ ವಯಸ್ಸಿನ ಮೇಲೆ ನಿಂತಿದೆ. ಬೂಸ್ಟು ಯಾರ ತಲೆಗೆ ಬರುತ್ತದೆ ಅನ್ನುವುದನ್ನು ಗೋಡೆಯೊಳಗಿನ ಪೈಪು ಹೇಳಬೇಕು. ಪೇಂಟಿಂಗ್ ಖರ್ಚಿನ ಆಸೆಯನ್ನು ಮಾತ್ರ ಈಗಲೇ ಬಿಟ್ಟುಬಿಡುವುದು ಒಳ್ಳೆಯದು. ಇವೆಲ್ಲಕ್ಕಿಂತ ನನಗೆ ಗಾಬರಿ ಹುಟ್ಟಿಸಿದ್ದು ನಿಮ್ಮ ಪತ್ರದ 'ಮೂರು ವಾರ' ಮತ್ತು 'ಸುಮ್ಮನಿದ್ದೆ' ಎಂಬ ಮಾತುಗಳು.

ಮನೆ ಯಾವ ದೇಶದಲ್ಲಿದೆ, ಯಾವ ರಾಜ್ಯದಲ್ಲಿದೆ ಎಂದು ನೀವು ಬರೆದಿಲ್ಲ. ಗಡುವು ಎಷ್ಟು ದಿನ, ದಂಡ ಎಷ್ಟು ಅನ್ನುವುದು ಜಾಗದಿಂದ ಜಾಗಕ್ಕೆ ಬೇರೆ. ಆದರೂ ಇಷ್ಟೆಲ್ಲ ಕಾನೂನುಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಒಳಗಿನ ತೊಲೆ ಒಂದೇ: ಡೆಪಾಸಿಟ್ ಬಾಡಿಗೆದಾರರ ಹಣ, ನಿಮ್ಮ ಕೈಯಲ್ಲಿ ಇರಿಸಿದ್ದಷ್ಟೇ. ಮಾಲೀಕರು ಅದರಿಂದ ಏನನ್ನು ಮುರಿದುಕೊಂಡರೂ ಏಕೆ, ಎಷ್ಟು ಎಂದು ತೋರಿಸುವ ಹೊಣೆ ಅವರದೇ. 'ನಾನು ಹಾನಿ ಮಾಡಿಲ್ಲ' ಎಂದು ಬಾಡಿಗೆದಾರರು ರುಜುವಾತು ಮಾಡಬೇಕಾಗಿಲ್ಲ.

ಮಾತಿಗೆ ಹೀಗನ್ನುವುದಲ್ಲ. ಹಲವು ಕಡೆ ಕಾನೂನು ಈ ಹಣ ಮಾಲೀಕರ ಜೇಬಿಗೇ ಹೋಗದಂತೆ ನೋಡಿಕೊಂಡಿದೆ. ಇಂಗ್ಲೆಂಡ್‌ನಲ್ಲಿ 2007ರ ಏಪ್ರಿಲ್‌ನಿಂದ ಡೆಪಾಸಿಟ್ಟನ್ನು ಸರ್ಕಾರದ ಮಾನ್ಯತೆ ಇರುವ ರಕ್ಷಣಾ ಯೋಜನೆಯೊಂದರಲ್ಲಿ ನೋಂದಾಯಿಸಲೇಬೇಕು; ಪಡೆದ 30 ದಿನದೊಳಗೆ ನೋಂದಾಯಿಸದಿದ್ದರೆ ಡೆಪಾಸಿಟ್‌ನ ಒಂದರಿಂದ ಮೂರು ಪಟ್ಟು ದಂಡ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ, ನ್ಯೂಜಿಲೆಂಡ್‌ನಲ್ಲಿ ಹಣ ಸರ್ಕಾರಿ ವ್ಯವಸ್ಥೆಯ ಬಳಿಯೇ ಕೂತಿರುತ್ತದೆ. ಜರ್ಮನಿಯ ನಾಗರಿಕ ಸಂಹಿತೆಯ 551ನೇ ಕಲಂ ಪ್ರಕಾರ ಮಾಲೀಕರು ಅದನ್ನು ತಮ್ಮ ಸ್ವಂತ ಹಣದಿಂದ ಬೇರೆಯಾಗಿ ಬ್ಯಾಂಕಿನಲ್ಲಿಡಬೇಕು, ಬಂದ ಬಡ್ಡಿ ಬಾಡಿಗೆದಾರರಿಗೆ ಸೇರಬೇಕು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲೂ ಪ್ರತ್ಯೇಕ ಖಾತೆ, ಬಡ್ಡಿ ಎರಡೂ ಕಡ್ಡಾಯ. ಕೆನಡಾದ ಒಂಟಾರಿಯೊ ಇನ್ನೂ ಒಂದು ಹೆಜ್ಜೆ ಮುಂದೆ. ಅಲ್ಲಿ ಹಾನಿಗೆಂದು ಡೆಪಾಸಿಟ್ ತೆಗೆದುಕೊಳ್ಳುವುದೇ ಕಾನೂನುಬಾಹಿರ, ಕೊನೆಯ ತಿಂಗಳ ಬಾಡಿಗೆಯನ್ನು ಮುಂಚಿತವಾಗಿ ಪಡೆಯಬಹುದಷ್ಟೆ.

ಈಗ ಪೇಂಟ್. ನನ್ನ ಮುಂದೆ ಬರುವ ಜಗಳಗಳಲ್ಲಿ ಅರ್ಧಕ್ಕಿಂತ ಹೆಚ್ಚು ಗೋಡೆಯಿಂದಲೇ ಶುರುವಾಗುತ್ತವೆ, ಅದಕ್ಕೆ ಇಲ್ಲಿ ಸ್ವಲ್ಪ ನಿಂತು ಹೇಳುತ್ತೇನೆ. ಮನೆ ಅಂದಮೇಲೆ ಅದರಲ್ಲಿ ಜನ ಬದುಕುತ್ತಾರೆ. ಸ್ವಿಚ್ ಸುತ್ತ ಕೈಗುರುತು ಬೀಳುತ್ತದೆ, ಬಿಸಿಲು ಬೀಳುವ ಗೋಡೆ ಬಿಳಿಚಿಕೊಳ್ಳುತ್ತದೆ, ಮಂಚ ಇಟ್ಟ ಕಡೆ ಗೀರು, ಕ್ಯಾಲೆಂಡರ್ ತೂಗುಹಾಕಿದ ಕಡೆ ಚೌಕಾಕಾರದ ಗುರುತು. ಇದು ಬಳಕೆಯ ಸವೆತ. ನೀವು ತಿಂಗಳಿಗಿಷ್ಟು ಎಂದು ಬಾಡಿಗೆ ತೆಗೆದುಕೊಂಡಿದ್ದೇ ಈ ಸವೆತಕ್ಕೆ. ಐದು ವರ್ಷ ಅದನ್ನು ಪಡೆದು, ಕೊನೆಗೆ ಮತ್ತೆ ಡೆಪಾಸಿಟ್‌ನಲ್ಲಿ ಮುರಿದುಕೊಂಡರೆ ಒಂದೇ ಸಾಮಾನಿಗೆ ಎರಡು ಸಲ ಬೆಲೆ ವಸೂಲಿ ಮಾಡಿದಂತಾಯಿತು. ಜಪಾನ್ ತನ್ನ ನಾಗರಿಕ ಸಂಹಿತೆಗೆ ಮಾಡಿದ, 2020ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ತಿದ್ದುಪಡಿಯಲ್ಲಿ ಇದನ್ನೇ ಬರೆದಿಟ್ಟಿತು: ಸಾಮಾನ್ಯ ಬಳಕೆಯಿಂದಾದ ಸವೆತ, ಕಾಲ ಕಳೆದಂತೆ ಆಗುವ ಮಾಸುವಿಕೆ ಎರಡನ್ನೂ ಬಾಡಿಗೆದಾರ ಸರಿಪಡಿಸಿಕೊಡಬೇಕಾಗಿಲ್ಲ.

ಹಾನಿ ಅಂದರೆ ಬೇರೆ. ಮಕ್ಕಳು ಗೋಡೆ ತುಂಬ ಮಾರ್ಕರ್ ಪೆನ್ನಲ್ಲಿ ಗೀಚಿದ್ದರೆ, ಅನುಮತಿ ಇಲ್ಲದೆ ಕಡುನೇರಳೆ ಬಣ್ಣ ಬಳಿದಿದ್ದರೆ, ಮನೆಯೊಳಗೆ ಸಿಗರೇಟು ಸೇದಿ ಛಾವಣಿ ಹಳದಿಗಟ್ಟಿದ್ದರೆ ಅದು ಸವೆತವಲ್ಲ. ಮೊಳೆ ತೂತು ಎರಡರ ನಡುವೆ ಬರುತ್ತದೆ. ಫೋಟೋ ತೂಗುಹಾಕಲು ಹೊಡೆದ ನಾಲ್ಕು ಮೊಳೆಯನ್ನು ಹಾನಿ ಎಂದು ಯಾವ ಪಂಚಾಯಿತಿದಾರನೂ ಒಪ್ಪಲಾರ. ಡ್ರಿಲ್ ಹಾಕಿ ಕಪಾಟು ಕೂರಿಸಿ, ತೆಗೆಯುವಾಗ ಗಾರೆ ಸಮೇತ ಕಿತ್ತಿದ್ದರೆ ಆ ಜಾಗದ ರಿಪೇರಿ ಕೇಳಬಹುದು, ಆ ಜಾಗದ್ದು ಮಾತ್ರ. ಒಂದು ಗೋಡೆ ಕೆಟ್ಟಿತೆಂದು ನಾಲ್ಕು ಕೋಣೆಗೆ ಬಣ್ಣ ಹೊಡೆಸಿದ ಬಿಲ್ ತೋರಿಸಿದರೆ ನಿಮ್ಮ ಉಳಿದ ಮಾತಿಗೂ ಬೆಲೆ ಹೋಗುತ್ತದೆ.

ಹಾನಿ ನಿಜವಾಗಿ ಆಗಿದ್ದರೂ ಹೊಸದರ ಪೂರ್ತಿ ಬೆಲೆ ಸಿಗುವುದಿಲ್ಲ. ಮಾಲೀಕರಿಗೆ ಇದು ಗಂಟಲಲ್ಲಿ ಇಳಿಯುವುದು ಕಷ್ಟ ಎಂದು ನನಗೆ ಗೊತ್ತು. ಹಾಳಾದದ್ದು ಐದು ವರ್ಷ ಹಳೆಯ ವಸ್ತು. ನಿಮಗಾದ ನಷ್ಟ ಅದರಲ್ಲಿ ಉಳಿದಿದ್ದ ಆಯುಷ್ಯದಷ್ಟು ಮಾತ್ರ. ಜಪಾನಿನ ಭೂ ಮತ್ತು ಮೂಲಸೌಕರ್ಯ ಸಚಿವಾಲಯದ ಮಾರ್ಗಸೂಚಿ ಇದಕ್ಕೆ ಅಂಕಿಯನ್ನೇ ಕೊಟ್ಟಿದೆ. ಅಲ್ಲಿನ ಮನೆಗಳ ಗೋಡೆಗೆ ಅಂಟಿಸುವ ವಾಲ್‌ಪೇಪರ್ ಆರು ವರ್ಷಕ್ಕೆ ಸವೆದು ಒಂದು ಯೆನ್ ಬೆಲೆಗೆ ಇಳಿಯುತ್ತದೆ ಎಂದು ಲೆಕ್ಕ. ಅಂದರೆ ಮೂರನೇ ವರ್ಷ ಹರಿದವನು ಸುಮಾರು ಅರ್ಧ ಕೊಡಬೇಕು, ಆರು ವರ್ಷ ದಾಟಿದವನ ಪಾಲಿಗೆ ಹೆಚ್ಚೇನೂ ಬರುವುದಿಲ್ಲ. ಫ್ರಾನ್ಸ್‌ನಲ್ಲೂ ಇಂಥ ಸವಕಳಿ ಪಟ್ಟಿಯನ್ನು ಕರಾರಿನ ಜೊತೆ ಸೇರಿಸಿಕೊಳ್ಳಬಹುದು. ನಿಮ್ಮಲ್ಲಿ ಇಂಥ ಪಟ್ಟಿ ಇಲ್ಲದಿದ್ದರೂ ಲೆಕ್ಕದ ದಾರಿ ಇದೇ. ನಿಮ್ಮ ಗೋಡೆಯ ಬಣ್ಣ ಅವರು ಬರುವ ಹೊತ್ತಿಗೆ ಹೊಸದಾಗಿತ್ತು ಎಂದೇ ಇಟ್ಟುಕೊಳ್ಳೋಣ. ಐದು ವರ್ಷ ಕಳೆದಿದೆ. ಅವರು ಇರಲಿ ಬಿಡಲಿ, ನೀವೇ ಅಲ್ಲಿ ವಾಸವಿದ್ದರೂ ಈ ವರ್ಷವೋ ಬರುವ ವರ್ಷವೋ ಬಣ್ಣ ಹೊಡೆಸುತ್ತಿದ್ದಿರಿ.

'ಕರಾರಿನಲ್ಲಿ ಬರೆದಿದೆಯಲ್ಲ' ಎಂಬ ನಿಮ್ಮ ಮಾತಿಗೆ ಬರುತ್ತೇನೆ. ಬರೆದಿದ್ದೆಲ್ಲ ನಿಲ್ಲುವುದಿಲ್ಲ. ಕಾನೂನು ಕೊಟ್ಟ ರಕ್ಷಣೆಯನ್ನು ಕರಾರಿನ ಒಂದು ಸಾಲು ತೆಗೆದುಹಾಕಲಾಗದು ಎಂಬ ನಿಯಮ ಎಷ್ಟೋ ಕಡೆ ಇದೆ. ಜಪಾನಿನ ಸುಪ್ರೀಂ ಕೋರ್ಟ್ 2005ರಲ್ಲಿ, ಸವೆತದ ಖರ್ಚನ್ನು ಬಾಡಿಗೆದಾರನ ಮೇಲೆ ಹಾಕಬೇಕಾದರೆ ಯಾವ ಸವೆತ, ಯಾವ ಖರ್ಚು ಎಂದು ಬಿಡಿಸಿ ಬರೆದು ಇಬ್ಬರೂ ಸ್ಪಷ್ಟವಾಗಿ ಒಪ್ಪಿರಬೇಕು ಎಂದಿತು. ಜರ್ಮನಿಯ ಸರ್ವೋಚ್ಚ ಸಿವಿಲ್ ನ್ಯಾಯಾಲಯ 2015ರ ಮಾರ್ಚ್‌ನಲ್ಲಿ ಕೊಟ್ಟ ತೀರ್ಪು ಇನ್ನೂ ನೇರ: ಮನೆ ಕೊಡುವಾಗ ಬಣ್ಣ ಹೊಡೆಸದೆ ಕೊಟ್ಟು, ಅದಕ್ಕೆ ತಕ್ಕ ರಿಯಾಯಿತಿಯನ್ನೂ ಕೊಡದೆ, ಬಣ್ಣದ ಹೊಣೆಯನ್ನು ಬಾಡಿಗೆದಾರನಿಗೆ ಕಟ್ಟುವ ಸಿದ್ಧ ಕರಾರಿನ ಷರತ್ತು ಊರ್ಜಿತವಲ್ಲ. ನಿಮ್ಮ ಕರಾರಿನ ಸಾಲು ನಿಲ್ಲಬಹುದಾದ ಜಾಗಗಳೂ ಉಂಟು. ಅಲ್ಲಿಯೂ ಒಂದು ಪ್ರಶ್ನೆ ಬಂದೇ ಬರುತ್ತದೆ: ಅವರು ಕೀಲಿ ತೆಗೆದುಕೊಂಡ ದಿನ ಗೋಡೆ ಹೇಗಿತ್ತು?

ಆ ಪ್ರಶ್ನೆಗೆ ಉತ್ತರ ನಿಮ್ಮ ಹತ್ತಿರ ಇದೆಯೇ? ಹಿಂದೊಮ್ಮೆ ರಾಜಿ ಮಾತುಕತೆಗೆ ಬಂದ ಮಾಲೀಕರೊಬ್ಬರು ಫೋನು ತುಂಬ ಫೋಟೋ ತಂದಿದ್ದರು. ಬಾತ್‌ರೂಮ್ ನೆಲದ ಟೈಲ್ಸ್ ಒಡೆದದ್ದನ್ನು ಹತ್ತು ಕೋನದಿಂದ ತೆಗೆದಿದ್ದರು, ಪಕ್ಕದಲ್ಲಿ ಸ್ಕೇಲ್ ಇಟ್ಟು ಕೂಡ. ಎಲ್ಲವೂ ಮನೆ ಖಾಲಿಯಾದ ಮೇಲಿನವು. ಎದುರು ಕೂತಿದ್ದ ಹೆಣ್ಣುಮಗಳು ತನ್ನ ಫೋನಿನಲ್ಲಿ ಒಂದೇ ಒಂದು ಫೋಟೋ ಹುಡುಕಿ ಮೇಜಿನ ಮೇಲಿಟ್ಟಳು. ಮನೆಗೆ ಬಂದ ದಿನದ್ದು. ಬಕೆಟ್ಟಿನ ಪಕ್ಕ ಇನ್ನೂ ಬಿಚ್ಚದ ಗಂಟುಮೂಟೆ, ಅದರ ಕೆಳಗೆ ಅದೇ ಟೈಲ್ಸು, ಕವೆಗೋಲಿನಂತೆ ಎರಡಾಗಿ ಸೀಳಿದ ಅದೇ ಬಿರುಕು. ಮಾಲೀಕರು ಎರಡು ಫೋಟೋವನ್ನೂ ಹಿಗ್ಗಿಸಿ ಹಿಗ್ಗಿಸಿ ನೋಡಿದರು, ಆಮೇಲೆ ಮಾತೇ ಆಡಲಿಲ್ಲ. ಅವರು ಸುಳ್ಳುಗಾರರಲ್ಲ. ನಿಜವಾಗಿಯೂ ಮರೆತಿದ್ದರು. ನಾಲ್ಕು ವರ್ಷದ ಹಿಂದಿನ ನೆಲ ಯಾರಿಗೆ ನೆನಪಿರುತ್ತದೆ?

ಇದಕ್ಕಾಗಿಯೇ ಬರುವ ದಿನದ ಪಟ್ಟಿ, ಹೋಗುವ ದಿನದ ಪಟ್ಟಿ ಎರಡೂ ಬೇಕು. ಕೋಣೆಕೋಣೆಯಾಗಿ ಗೋಡೆ, ಬಾಗಿಲು, ಚಿಲಕ, ನಲ್ಲಿ, ಫ್ಯಾನು, ಗಾಜು ಹೇಗಿವೆ ಎಂದು ಬರೆದು ಇಬ್ಬರೂ ಸಹಿ ಹಾಕಿದ ಕಾಗದ. ಫ್ರಾನ್ಸ್‌ನಲ್ಲಿ ಇದು ಕರಾರಿನ ಭಾಗವೇ ಆಗಿದೆ. ಕ್ಯಾಲಿಫೋರ್ನಿಯಾ 2025ರಿಂದ ಮಾಲೀಕರು ಫೋಟೋ ತೆಗೆದಿಡುವುದನ್ನೇ ಕಡ್ಡಾಯ ಮಾಡಿದೆ. ಖಾಲಿ ಮಾಡುವ ಮುನ್ನ ಒಮ್ಮೆ ಮನೆ ನೋಡಿ 'ಇಂತಿಂಥದ್ದು ಸರಿಮಾಡಿದರೆ ಮುರಿದುಕೊಳ್ಳುವುದಿಲ್ಲ' ಎಂದು ಹೇಳಿಸಿಕೊಳ್ಳುವ ಹಕ್ಕು ಬಾಡಿಗೆದಾರರಿಗೆ ಅಲ್ಲಿ ಇದೆ. ಕಾನೂನು ಹೇಳದಿದ್ದರೂ ಇದನ್ನು ರೂಢಿ ಮಾಡಿಕೊಳ್ಳಿ ಎಂದು ನಾನು ಎಲ್ಲ ಮಾಲೀಕರಿಗೂ ಹೇಳುತ್ತೇನೆ. ಹೋಗುವ ಮುಂಚೆ ಹೇಳಿದ್ದರೆ ಆ ಬಾಗಿಲನ್ನು ಅವರೇ ತಮ್ಮ ಬಡಗಿಯನ್ನು ಕರೆಸಿ ಸರಿಮಾಡಿಸಿ ಹೋಗುತ್ತಿದ್ದರೋ ಏನೋ.

ಬಾಗಿಲಿನ ತೂತು ಸವೆತವಲ್ಲ, ಅದನ್ನು ಯಾರೂ ವಾದಿಸಲಾರರು. ಮೊದಲು ರಿಪೇರಿ ಸಾಧ್ಯವೇ ನೋಡಿ. ತೇಪೆ ಹಾಕಿ ಪಾಲಿಶ್ ಮಾಡಿದರೆ ಸರಿಹೋಗುವಂತಿದ್ದರೆ ಆ ಖರ್ಚು ಮುರಿದುಕೊಳ್ಳಿ. ಬಾಗಿಲನ್ನೇ ಬದಲಿಸಬೇಕಾದರೆ ವಯಸ್ಸಿನ ಲೆಕ್ಕ ಬರುತ್ತದೆ: ಹದಿನೈದು ವರ್ಷ ಬಾಳುವಂಥದ್ದು, ಹಾಕಿ ಹತ್ತು ವರ್ಷವಾಗಿದೆ ಅಂದರೆ ಹೊಸ ಬಾಗಿಲಿನ ಖರ್ಚಿನಲ್ಲಿ ಮೂರನೇ ಒಂದು ಪಾಲು ಅವರದ್ದು, ಉಳಿದದ್ದು ನಿಮ್ಮದು. ಹಳೆಯದು ಹಲಗೆ ಬಾಗಿಲಾಗಿದ್ದು ನೀವು ತೇಗದ್ದು ಹಾಕಿಸಿದರೆ ಆ ಹೆಚ್ಚುವರಿ ಎಂದಿಗೂ ಅವರ ತಲೆಗೆ ಬರುವುದಿಲ್ಲ.

ಬೇಸಿನ್ ಬಿರುಕನ್ನು ಸ್ವಲ್ಪ ಬಗ್ಗಿ ನೋಡಿ. ಭಾರದ ವಸ್ತು ಬಿದ್ದಿದ್ದರೆ ಒಂದು ಕಡೆ ಚಕ್ಕೆ ಎದ್ದಿರುತ್ತದೆ, ಬಿರುಕು ಅಲ್ಲಿಂದ ಹರಡಿರುತ್ತದೆ. ಆಗ ಬಾಗಿಲಿನ ಹಾಗೇ ಲೆಕ್ಕ. ನೀರು ಹೋಗುವ ತೂತಿನ ಸುತ್ತ ಕೂದಲೆಳೆಯಂಥ ಗೆರೆಗಳಿದ್ದರೆ ಅದು ಹಳೆಯದಾಗಿಯೋ, ಕೂರಿಸುವಾಗ ಅತಿಯಾಗಿ ಬಿಗಿದೋ ಆದದ್ದು. ಅದನ್ನು ಬಾಡಿಗೆದಾರರ ಮೇಲೆ ಹಾಕಬೇಡಿ.

ಬೂಸ್ಟಿನ ಬಗ್ಗೆ ಮಾಲೀಕರೂ ಬಾಡಿಗೆದಾರರೂ ಒಬ್ಬರತ್ತ ಒಬ್ಬರು ಬೆರಳು ತೋರಿಸುವುದು ಮಾಮೂಲಿ. ಗೋಡೆಯ ಮೇಲೆ ಎಲ್ಲಿ ಹಿಡಿದಿದೆ ಅನ್ನುವುದು ಮುಖ್ಯ. ಸ್ನಾನದ ಹಬೆ ಹೊರಗೆ ಹೋಗಲು ಕಿಟಕಿಯೋ ಎಕ್ಸಾಸ್ಟ್ ಫ್ಯಾನೋ ಇದ್ದೂ ತಿಂಗಳುಗಟ್ಟಲೆ ಮುಚ್ಚಿಟ್ಟಿದ್ದರೆ ಛಾವಣಿ ಮೂಲೆ, ಕಿಟಕಿ ಅಂಚಿನಲ್ಲಿ ಕಪ್ಪು ಚುಕ್ಕೆ ಕಾಣುತ್ತದೆ. ಅದನ್ನು ತೊಳೆಸಿದ ಖರ್ಚು ಕೇಳಬಹುದು. ಗೋಡೆಯ ನಡುಮಧ್ಯೆ, ಪೈಪು ಹಾದುಹೋಗುವ ಸಾಲಿನಲ್ಲಿ, ಬಣ್ಣ ಹೊಪ್ಪಳೆದ್ದು ತೇವ ಕಾಣುತ್ತಿದ್ದರೆ ಒಳಗೆ ಸೋರುತ್ತಿದೆ ಎಂದೇ ಅರ್ಥ. ಮನೆಯ ರಚನೆ, ಪೈಪು ನಿಮ್ಮ ಹೊಣೆ. ಅವರು ಸೋರಿಕೆ ಕಂಡೂ ನಿಮಗೆ ತಿಳಿಸದೆ ಬಿಟ್ಟಿದ್ದರಿಂದ ಹಾನಿ ಹೆಚ್ಚಾಗಿದ್ದರೆ ಆ ಹೆಚ್ಚಿದ ಭಾಗಕ್ಕೆ ಅವರನ್ನು ಹೊಣೆ ಮಾಡಬಹುದು. ಆದರೆ ನಿಮ್ಮ ಹಳೆಯ ವಾಟ್ಸ್‌ಆ್ಯಪ್ ಮೆಸೇಜುಗಳನ್ನು ಒಮ್ಮೆ ತಿರುವಿ ನೋಡಿ. 'ಬಾತ್‌ರೂಮ್ ಗೋಡೆ ಒದ್ದೆ ಇದೆ ಸರ್' ಎಂದು ಎರಡು ವರ್ಷದ ಹಿಂದೆ ಬಂದ ಮೆಸೇಜು ಅಲ್ಲಿದ್ದರೆ ಈ ಬಾಬತ್ತನ್ನು ಪಟ್ಟಿಯಿಂದ ತೆಗೆದುಬಿಡಿ.

ಕೊನೆಯ ತಿಂಗಳ ಬಾಡಿಗೆಯನ್ನು ಡೆಪಾಸಿಟ್‌ಗೆ ವಜಾ ಹಾಕಿಕೊಳ್ಳಿ ಎನ್ನುವುದು ಬಾಡಿಗೆದಾರರ ಕಡೆಯ ತಪ್ಪು. ಡೆಪಾಸಿಟ್ ಇರುವುದೇ ಹೋದ ಮೇಲೆ ಕಾಣುವ ಹಾನಿಗಾಗಿ. ಮೊದಲೇ ಅದನ್ನು ತಿಂದು ಮುಗಿಸಿದರೆ ಭದ್ರತೆ ಎಲ್ಲಿ ಉಳಿಯಿತು? ಅಮೆರಿಕದ ಟೆಕ್ಸಸ್‌ನಲ್ಲಿ ಹೀಗೆ ಮಾಡುವುದಕ್ಕೆ ಬಾಡಿಗೆದಾರರಿಗೇ ದಂಡ ಬೀಳಬಹುದು. ಅವರ ಭಯವೂ ನನಗೆ ಅರ್ಥವಾಗುತ್ತದೆ, ಕೊಟ್ಟ ಡೆಪಾಸಿಟ್ ತಿರುಗಿ ಬಾರದ ಕಥೆ ಕೇಳಿಯೇ ಜನ ಈ ದಾರಿ ಹಿಡಿಯುವುದು. ಇರಲಿ, ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳಿ, ಹೋಗುವ ದಿನದವರೆಗಿನ ವಿದ್ಯುತ್, ನೀರಿನ ಬಾಕಿ ಇದ್ದರೆ ಬಿಲ್ ಇಟ್ಟು ಅದನ್ನೂ ಮುರಿದುಕೊಳ್ಳಿ.

ಗಡುವಿನ ವಿಷಯಕ್ಕೆ ಬಂದರೆ ನಿಮ್ಮ ಮೂರು ವಾರ ಎಲ್ಲಿ ನಿಲ್ಲುತ್ತದೆ ನೋಡಿ. ನ್ಯೂಯಾರ್ಕ್ ರಾಜ್ಯದಲ್ಲಿ 14 ದಿನದೊಳಗೆ ಬಾಬತ್ತುವಾರು ಲೆಕ್ಕ ಕೊಟ್ಟು ಉಳಿದದ್ದನ್ನು ಹಿಂತಿರುಗಿಸಬೇಕು. ತಪ್ಪಿದರೆ ಒಂದು ಕಾಸನ್ನೂ ಹಿಡಿದುಕೊಳ್ಳುವ ಹಕ್ಕು ಹೋಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿ 21 ದಿನ, ಅಂದರೆ ನಿಮಗೆ ಅದು ಇವತ್ತೇ. ಟೆಕ್ಸಸ್, ಮ್ಯಾಸಚೂಸೆಟ್ಸ್‌ಗಳಲ್ಲಿ 30 ದಿನ; ದುರುದ್ದೇಶದಿಂದ ಹಿಡಿದುಕೊಂಡಿದ್ದಕ್ಕೆ ಟೆಕ್ಸಸ್‌ನಲ್ಲಿ ಮೂರು ಪಟ್ಟು ತೆರಬೇಕಾಗುತ್ತದೆ. ಫ್ರಾನ್ಸ್‌ನಲ್ಲಿ ಎರಡೂ ಪಟ್ಟಿ ತಾಳೆಯಾದರೆ ಒಂದು ತಿಂಗಳು, ಇಲ್ಲದಿದ್ದರೆ ಎರಡು. ತಡವಾದ ಪ್ರತಿ ತಿಂಗಳಿಗೆ ತಿಂಗಳ ಬಾಡಿಗೆಯ ಹತ್ತನೇ ಒಂದು ಭಾಗ ಸೇರುತ್ತಾ ಹೋಗುತ್ತದೆ. ಭಾರತದಲ್ಲಿ ಕೇಂದ್ರ ಸಂಪುಟ 2021ರ ಜೂನ್‌ನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆ ಮೀರಿ ಡೆಪಾಸಿಟ್ ಬೇಡ, ಮನೆ ವಶಕ್ಕೆ ಪಡೆಯುವ ದಿನವೇ ಲೆಕ್ಕ ಹಾಕಿ ಹಿಂತಿರುಗಿಸಿ ಎನ್ನುತ್ತದೆ. ಅದು ಮಾದರಿ, ರಾಜ್ಯಗಳು ತಮ್ಮ ಕಾನೂನಾಗಿ ಮಾಡಿಕೊಂಡ ಕಡೆ ಮಾತ್ರ ಜಾರಿ. ಜರ್ಮನಿಯ ಕಾನೂನಿನಲ್ಲಿ ಇಂತಿಷ್ಟೇ ದಿನ ಎಂದಿಲ್ಲ, ಆದರೆ ಮನೆ ಕೈಗೆ ಬಂದ ಆರು ತಿಂಗಳಲ್ಲಿ ಹಾನಿಯ ಬಗ್ಗೆ ಮಾಲೀಕರ ಹಕ್ಕಿನ ಅವಧಿ ಮುಗಿಯುತ್ತದೆ.

ಇಷ್ಟರಲ್ಲಿ ಎಲ್ಲಿಯೂ 'ಹೊಸ ಬಾಡಿಗೆದಾರರು ಸಿಗುವವರೆಗೆ' ಎಂಬ ಗಡುವನ್ನು ನಾನು ಕಂಡಿಲ್ಲ. ಹಳಬರ ಹಣ ಹೊಸಬರ ಡೆಪಾಸಿಟ್‌ನಿಂದ ಬರಬೇಕು ಎಂದು ನೀವು ಯೋಚಿಸಿದ್ದರೆ, ಬೇಸರ ಮಾಡಿಕೊಳ್ಳಬೇಡಿ, ಅವರ ಹಣವನ್ನು ನೀವು ಖರ್ಚು ಮಾಡಿಕೊಂಡಿದ್ದೀರಿ ಎಂದಾಯಿತು. ಅದು ನಿಮ್ಮ ಕಷ್ಟ, ಅವರದ್ದಲ್ಲ.

ಹಾಗಾದರೆ ಈಗ ಏನು ಮಾಡಬೇಕು? ಒಂದು ಲೆಕ್ಕಪತ್ರ ಬರೆಯಿರಿ. 'ರಿಪೇರಿ ಖರ್ಚು, ಇಷ್ಟು' ಎಂದು ಒಂದೇ ಮೊತ್ತ ಹಾಕಿದರೆ ಅದು ಲೆಕ್ಕವಲ್ಲ. ಹೀಗಿರಲಿ: 'ಒಳಕೋಣೆಯ ಬಾಗಿಲು. ನೆಲದಿಂದ ಎರಡೂವರೆ ಅಡಿ ಎತ್ತರದಲ್ಲಿ ತೂತು, ಫೋಟೋ ಲಗತ್ತಿಸಿದೆ. ಬಡಗಿಯ ಬಿಲ್ ಇಷ್ಟು, ಬಾಗಿಲಿಗೆ ಹತ್ತು ವರ್ಷ, ನಿಮ್ಮ ಪಾಲು ಮೂರನೇ ಒಂದು, ಅಂದರೆ ಇಷ್ಟು.' ಮುಂದಿನ ಸಾಲಿನಲ್ಲಿ ಬಾಕಿ ಬಾಡಿಗೆ, ಅದರ ಮುಂದೆ ವಿದ್ಯುತ್ ಬಿಲ್, ಕೊನೆಯಲ್ಲಿ ಉಳಿದ ಮೊತ್ತ. ಕೆಲಸ ಇನ್ನೂ ಆಗಿರದಿದ್ದರೆ ಬಡಗಿಯಿಂದ ಅಂದಾಜು ಬರೆಸಿ ಹಚ್ಚಿ, ಆಮೇಲೆ ಬಿಲ್ ಕಳಿಸಿ. ನೀವೇ ಕೂತು ಮಾಡಿದ ಕೆಲಸಕ್ಕೆ ತಗುಲಿದ ಸಮಯ ಬರೆಯಿರಿ, ಮೇಸ್ತ್ರಿಯ ದರ ಹಾಕಬೇಡಿ.

ಉಳಿದ ಮೊತ್ತವನ್ನು ಲೆಕ್ಕಪತ್ರ ಕಳಿಸಿದ ದಿನವೇ ಅವರ ಖಾತೆಗೆ ಹಾಕಿಬಿಡಿ. ಬೇಸಿನ್ ಬಗ್ಗೆ ತಕರಾರಿದ್ದರೆ ಬೇಸಿನ್‌ನಷ್ಟೇ ಹಣ ತಡೆದಿಡಿ, ತಕರಾರಿಲ್ಲದ ಹಣವನ್ನು ಅದರ ಜೊತೆ ಒತ್ತೆ ಇಡಬೇಡಿ. ದೂರು ಹೋದಾಗ ಮೊದಲು ನೋಡುವುದೇ ಇದನ್ನು. 'ಇನ್ನು ಯಾವ ಬಾಕಿಯೂ ಇಲ್ಲ' ಎಂದು ಸಹಿ ಹಾಕಿದರೆ ಮಾತ್ರ ಹಣ ಕೊಡುತ್ತೇನೆ ಎಂಬ ಷರತ್ತು ಇನ್ನೊಂದು ಕೆಟ್ಟ ಅಭ್ಯಾಸ. ಅವರ ಹೊಸ ವಿಳಾಸ ಗೊತ್ತಿಲ್ಲದಿದ್ದರೆ ಲಿಖಿತವಾಗಿ ಕೇಳಿ. ಟೆಕ್ಸಸ್‌ನಲ್ಲಿ ಅವರು ವಿಳಾಸವನ್ನು ಬರೆದು ಕೊಡುವವರೆಗೆ ಹಣ ಹಿಂತಿರುಗಿಸುವ ಬಾಧ್ಯತೆ ಇಲ್ಲ, ಫ್ರಾನ್ಸ್‌ನಲ್ಲಿ ವಿಳಾಸ ಕೊಡದವರಿಗೆ ವಿಳಂಬದ ದಂಡ ಸಿಗದು. ಆದರೆ ಫೋನ್ ನಂಬರ್ ಕೈಯಲ್ಲಿಟ್ಟುಕೊಂಡು 'ವಿಳಾಸ ಇರಲಿಲ್ಲ' ಎಂದರೆ ಯಾರೂ ನಂಬುವುದಿಲ್ಲ.

ಬೂಸ್ಟಿನ ಗೋಡೆಗೆ ಪ್ಲಂಬರನ್ನು ಕರೆಸುವಾಗ ಅವನು ಕಂಡದ್ದನ್ನು ಎರಡು ಸಾಲು ಬರೆದುಕೊಡಲು ಹೇಳಿ. ಮತ್ತೆ, ಪೇಂಟರ್‌ಗೆ ಫೋನ್ ಮಾಡುವ ಮುಂಚೆ ಆ ಬಾಗಿಲು, ಬೇಸಿನ್ ಎರಡರ ಫೋಟೋ ದಿನಾಂಕ ಬರುವ ಹಾಗೆ ತೆಗೆದಿಟ್ಟುಕೊಳ್ಳಿ. ಬಣ್ಣ ಬಿದ್ದ ಮೇಲೆ ತೋರಿಸಲು ಏನೂ ಉಳಿಯುವುದಿಲ್ಲ.